ಶಾಲೆಗೂ ಒಂದು ಮಾರ್ಕ್ಸ್ ಕಾರ್ಡ್: ಅಮೆರಿಕದ ರಾಜ್ಯಗಳು ಸರ್ಕಾರಿ ಶಾಲೆಗಳಿಗೆ ದರ್ಜೆ ಕೊಡುವ ಬಗೆ

ಅಮೆರಿಕದಲ್ಲಿ ಶಾಲಾ ಶಿಕ್ಷಣ ರಾಜ್ಯಗಳ ಹೊಣೆ. ವಾಷಿಂಗ್ಟನ್‌ನ ಕೇಂದ್ರ ಸರ್ಕಾರ ಕಾನೂನಿನ ಚೌಕಟ್ಟು ಹಾಕಿಕೊಡುತ್ತದೆ, ಒಂದಿಷ್ಟು ಹಣವನ್ನೂ ಕೊಡುತ್ತದೆ. ಪರೀಕ್ಷೆ ಯಾವುದು, ಪಾಸಿನ ಗೆರೆ ಎಲ್ಲಿ, ಶಾಲೆಗೆ ದರ್ಜೆ ಹೇಗೆ ಎಂಬುದನ್ನು ತೀರ್ಮಾನಿಸುವುದು ಆಯಾ ರಾಜ್ಯ. ಹೀಗಾಗಿ ಟೆಕ್ಸಸ್, ಫ್ಲೋರಿಡಾ, ನಾರ್ತ್ ಕೆರೊಲಿನಾಗಳಲ್ಲಿ ಸರ್ಕಾರಿ ಶಾಲೆಯ ಹೆಸರಿನ ಮುಂದೆ ಎ, ಬಿ, ಸಿ, ಡಿ, ಎಫ್ ಎಂಬ ಅಕ್ಷರ ಕಂಡರೆ, ಒಹಾಯೊದಲ್ಲಿ ಐದರವರೆಗೆ ನಕ್ಷತ್ರಗಳು, ಕ್ಯಾಲಿಫೋರ್ನಿಯಾದಲ್ಲಿ ಕೆಂಪಿನಿಂದ ನೀಲಿಯವರೆಗೆ ಐದು ಬಣ್ಣಗಳು. ಟೆಕ್ಸಸ್‌ನ ಎ ಶಾಲೆಯನ್ನೂ ನಾರ್ತ್ ಕೆರೊಲಿನಾದ ಬಿ ಶಾಲೆಯನ್ನೂ ಪಕ್ಕಪಕ್ಕ ಇಟ್ಟು ತೂಗಿದರೆ ಏನೂ ತಿಳಿಯದು. ಪರೀಕ್ಷೆಯೇ ಬೇರೆ, ಲೆಕ್ಕವೇ ಬೇರೆ.

ರೂಪ ಏನೇ ಇರಲಿ, ಎಲ್ಲ ಲೆಕ್ಕಗಳ ಅಡಿಯಲ್ಲಿ ಎರಡು ಪ್ರಶ್ನೆಗಳಿವೆ. ಮಕ್ಕಳು ಈಗ ಎಷ್ಟು ಬಲ್ಲರು ಎಂಬುದು ಒಂದು. ಹಿಂದಿನ ವರ್ಷಕ್ಕಿಂತ ಎಷ್ಟು ಮುಂದೆ ಬಂದರು ಎಂಬುದು ಇನ್ನೊಂದು. ಮೊದಲನೆಯದು ಸಾಧನೆ, ಎರಡನೆಯದು ಪ್ರಗತಿ. ಮನೆಯ ಆದಾಯ, ಅಪ್ಪ ಅಮ್ಮನ ಓದು, ಟ್ಯೂಷನ್ ಇವೆಲ್ಲ ಸಾಧನೆಯ ಅಂಕದೊಳಗೆ ಸೇರಿಕೊಂಡೇ ಬರುತ್ತವೆ. ಶಾಲೆ ತಾನು ಮಾಡಿದ್ದೆಷ್ಟು ಎಂಬುದರ ಸುಳಿವು ಸಿಗುವುದು ಹೆಚ್ಚಾಗಿ ಪ್ರಗತಿಯ ಅಂಕದಲ್ಲಿ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ಬರುವ ಜಿಲ್ಲಾವಾರು ಪಟ್ಟಿಯನ್ನು ನೋಡಿ ಬಲ್ಲವರಿಗೆ ಈ ವ್ಯತ್ಯಾಸ ಬೇಗ ಹಿಡಿಯುತ್ತದೆ. 2024ರಲ್ಲಿ ಉಡುಪಿ ಶೇ 94ರೊಂದಿಗೆ ಮೊದಲು, ಯಾದಗಿರಿ ಶೇ 50.59ರೊಂದಿಗೆ ಕೊನೆ. ಯಾದಗಿರಿಯ ಮಕ್ಕಳು ಎಂಟನೇ ತರಗತಿಯಲ್ಲಿ ಎಲ್ಲಿದ್ದರು, ಅಲ್ಲಿಂದ ಎಷ್ಟು ಮೇಲೆ ಬಂದರು ಎಂಬುದು ಆ ಪಟ್ಟಿಯಲ್ಲಿ ಇಲ್ಲ.

ಶೇ 100ರ ಗುರಿಯಿಂದ ಇಂದಿನ ಕಾನೂನಿನವರೆಗೆ

ಪರೀಕ್ಷೆಯ ಫಲಿತಾಂಶ ನೋಡಿ ಶಾಲೆಗಳಿಗೆ ಶ್ರೇಣಿ ಕೊಡುವ ಪದ್ಧತಿ 1990ರ ದಶಕದಲ್ಲಿ ಬೇರೂರಿತು. ಟೆಕ್ಸಸ್ ಮುಂಚೂಣಿಯಲ್ಲಿತ್ತು. ಫ್ಲೋರಿಡಾದಲ್ಲಿ ಗವರ್ನರ್ ಜೆಬ್ ಬುಷ್ 1999ರಲ್ಲಿ ಎ-ಎಫ್ ಅಕ್ಷರಗಳನ್ನು ಜಾರಿಗೆ ತಂದರು. ಟೆಕ್ಸಸ್‌ನ ಗವರ್ನರ್ ಆಗಿದ್ದ ಅವರ ಅಣ್ಣ ಜಾರ್ಜ್ ಡಬ್ಲ್ಯು. ಬುಷ್ ಅಧ್ಯಕ್ಷರಾದ ಮೇಲೆ ಅದೇ ಜಾಡನ್ನು ಇಡೀ ದೇಶಕ್ಕೆ ಹಿಗ್ಗಿಸಿ, 2002ರ ಜನವರಿ 8ರಂದು ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾನೂನಿಗೆ ಸಹಿ ಹಾಕಿದರು. ಮೂರರಿಂದ ಎಂಟನೇ ತರಗತಿವರೆಗೆ ಪ್ರತಿ ವರ್ಷ, ಹೈಸ್ಕೂಲಿನಲ್ಲಿ ಒಮ್ಮೆ, ಓದು ಮತ್ತು ಗಣಿತದ ಪರೀಕ್ಷೆ ಕಡ್ಡಾಯವಾಯಿತು. 2013-14ರ ಹೊತ್ತಿಗೆ ಪ್ರತಿ ಮಗುವೂ ನಿಗದಿತ ಮಟ್ಟ ಮುಟ್ಟಬೇಕು ಎಂಬುದು ಗುರಿ.

ಶೇ 100ರ ಗುರಿ ಕಾಗದದ ಮೇಲೆ ಚೆಂದ. ವರ್ಷ ವರ್ಷಕ್ಕೂ ಗೆರೆ ಮೇಲೇರುತ್ತ ಹೋದಂತೆ, ಯಾವುದೋ ಒಂದು ಗುಂಪಿನ ಮಕ್ಕಳು ಹಿಂದುಳಿದರೂ ಇಡೀ ಶಾಲೆ ‘ಗುರಿ ತಪ್ಪಿದ’ ಪಟ್ಟಿಗೆ ಸೇರುತ್ತಿತ್ತು. 2011ರ ಹೊತ್ತಿಗೆ ದೇಶದ ಸುಮಾರು ಅರ್ಧದಷ್ಟು ಶಾಲೆಗಳು ಆ ಪಟ್ಟಿಯಲ್ಲಿದ್ದವು. ಅರ್ಧ ದೇಶವೇ ಫೇಲ್ ಎನ್ನುವ ಅಳತೆಗೋಲಿನಿಂದ ನಿಜಕ್ಕೂ ಕುಸಿದ ಶಾಲೆ ಯಾವುದೆಂದು ಹೇಗೆ ತಿಳಿಯಬೇಕು? ಗೆರೆಯ ಹತ್ತಿರಕ್ಕೂ ಬಾರದ ಮಗುವನ್ನು ಎಷ್ಟೇ ಮೇಲೆತ್ತಿದರೂ ಶಾಲೆಗೆ ಲೆಕ್ಕದಲ್ಲಿ ಸಿಗುತ್ತಿದ್ದುದು ಸೊನ್ನೆ. ಕೊನೆಗೆ ಒಬಾಮ ಸರ್ಕಾರ ರಾಜ್ಯಗಳಿಗೆ ವಿನಾಯಿತಿ ಕೊಡುತ್ತ ಬಂದು, 2015ರ ಡಿಸೆಂಬರ್ 10ರಂದು ‘ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್’ ಎಂಬ ಹೊಸ ಕಾನೂನು ತಂದಿತು. ಈಗ ನಡೆಯುತ್ತಿರುವುದು ಇದೇ.

ಈ ಕಾನೂನು ಅಕ್ಷರದ ದರ್ಜೆಯನ್ನು ಕಡ್ಡಾಯ ಮಾಡಿಲ್ಲ, ಅಳೆಯಬೇಕಾದ ಸಂಗತಿಗಳನ್ನು ಮಾತ್ರ ಹೇಳಿದೆ. ಓದು-ಗಣಿತದ ಪರೀಕ್ಷೆಯಲ್ಲಿ ಸಾಧನೆ ಮೊದಲನೆಯದು. ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ ಪ್ರಗತಿ ಅಥವಾ ಅಂಥ ಇನ್ನೊಂದು ಶೈಕ್ಷಣಿಕ ಅಳತೆ ಇರಬೇಕು. ಹೈಸ್ಕೂಲಿಗಾದರೆ ನಾಲ್ಕು ವರ್ಷದಲ್ಲಿ ಓದು ಮುಗಿಸಿದವರ ಪ್ರಮಾಣ. ಇಂಗ್ಲಿಷ್ ಹೊಸದಾಗಿ ಕಲಿಯುವ ಮಕ್ಕಳು ಆ ಭಾಷೆಯಲ್ಲಿ ಎಷ್ಟು ಮುಂದುವರಿದರು ಎಂಬುದೂ ಲೆಕ್ಕಕ್ಕೆ ಬರಬೇಕು. ಇವಲ್ಲದೆ ಪರೀಕ್ಷೆಯಿಂದ ಹೊರಗಿನ ಒಂದು ಅಳತೆಯನ್ನಾದರೂ ರಾಜ್ಯವೇ ಆರಿಸಿಕೊಳ್ಳಬೇಕು. 30ಕ್ಕೂ ಹೆಚ್ಚು ರಾಜ್ಯಗಳು ಆರಿಸಿಕೊಂಡದ್ದು ಗೈರುಹಾಜರಿಯನ್ನು, ಅಂದರೆ ಶಾಲಾ ದಿನಗಳಲ್ಲಿ ಶೇ 10 ಅಥವಾ ಹೆಚ್ಚು ದಿನ ತಪ್ಪಿಸಿಕೊಂಡ ಮಕ್ಕಳ ಪ್ರಮಾಣವನ್ನು. ಜ್ವರಕ್ಕೆ ರಜೆ ಹಾಕಿದರೂ ಊರಿಗೆ ಹೋದರೂ ಈ ಲೆಕ್ಕದಲ್ಲಿ ಎರಡೂ ಒಂದೇ. ಶಾಲೆ ನಡೆಯುವಾಗ ಮೂರು-ನಾಲ್ಕು ವಾರ ಬೆಂಗಳೂರಿಗೋ ಶಿರಸಿಗೋ ಹೋಗಿಬರುವ, ಅಮೆರಿಕದ ಕನ್ನಡ ಕುಟುಂಬಗಳಿಗೆ ಶಾಲೆಯಿಂದ ಪತ್ರ ಬರಲು ಒಂದು ಕಾರಣ ಇಲ್ಲಿದೆ.

ಪ್ರಗತಿಯನ್ನು ಅಳೆಯುವುದು ಹೇಗೆ

ಪ್ರಗತಿಯ ಅಂಕ ನೋಡುವಾಗ ಮೊದಲು ಕೇಳಬೇಕಾದದ್ದು: ಹೋಲಿಸಿರುವುದು ಯಾರನ್ನು ಯಾರೊಂದಿಗೆ? ಕಳೆದ ವರ್ಷ ಐದನೇ ತರಗತಿಯಲ್ಲಿದ್ದವರನ್ನು ಈ ವರ್ಷದ ಐದನೆಯವರೊಂದಿಗೆ ಹೋಲಿಸಿದರೆ ಅದು ಬೇರೆ ಬೇರೆ ಮಕ್ಕಳ ಹೋಲಿಕೆ. ಪಕ್ಕದಲ್ಲಿ ಹೊಸ ಬಡಾವಣೆಯೊಂದು ಎದ್ದು, ಓದಿದವರ ಮಕ್ಕಳು ಬಂದು ಸೇರಿದರೆ, ಪಾಠ ಮಾಡುವ ಕ್ರಮ ಕಿಂಚಿತ್ತೂ ಬದಲಾಗದೆ ಅಂಕ ಏರಿಬಿಡುತ್ತದೆ. ಅದೇ ಮಗುವನ್ನು ನಾಲ್ಕನೇ ತರಗತಿಯಿಂದ ಐದಕ್ಕೆ ಹಿಂಬಾಲಿಸಿ ಅಳೆದರೆ ಮಾತು ಬೇರೆ. ರಾಜ್ಯಗಳ ನಿಜವಾದ ಪ್ರಗತಿ ಲೆಕ್ಕಗಳೆಲ್ಲ ಈ ಎರಡನೆಯ ಬಗೆಯವು.

ಅವುಗಳಲ್ಲಿ ಸರಳವಾದದ್ದು ಮೆಟ್ಟಿಲೆಣಿಸುವುದು. ಪರೀಕ್ಷೆಯ ಫಲಿತಾಂಶವನ್ನು ನಾಲ್ಕೈದು ಹಂತಗಳಾಗಿ ಒಡೆದು, ಮಗು ಕೆಳಗಿನ ಹಂತದಿಂದ ಮೇಲಿನದಕ್ಕೆ ಏರಿದರೆ, ಇಲ್ಲವೆ ಮೇಲಿನ ಹಂತದಲ್ಲೇ ಉಳಿದುಕೊಂಡರೆ ಶಾಲೆಗೆ ಅಂಕ. ಫ್ಲೋರಿಡಾದ್ದು ಹೆಚ್ಚುಕಡಿಮೆ ಈ ಬಗೆ.

ಕೊಲರಾಡೊ ರೂಢಿಗೆ ತಂದದ್ದು ಪರ್ಸೆಂಟೈಲ್ ವಿಧಾನ. ಜೆಇಇಯಿಂದಾಗಿ ಆ ಮಾತು ಕನ್ನಡದ ಮನೆಗಳಿಗೆ ಹೊಸದಲ್ಲ. ಇಲ್ಲಿ ಸ್ಪರ್ಧಿಗಳು ಮಾತ್ರ ಬೇರೆ. ಒಂದು ಮಗುವಿನ ಈ ವರ್ಷದ ಅಂಕವನ್ನು ರಾಜ್ಯದ ಎಲ್ಲ ಮಕ್ಕಳೊಂದಿಗೆ ಹೋಲಿಸುವುದಿಲ್ಲ. ಹಿಂದಿನ ವರ್ಷಗಳಲ್ಲಿ ಅದರಷ್ಟೇ ಅಂಕ ಪಡೆದಿದ್ದ ಮಕ್ಕಳೊಂದಿಗೆ ಮಾತ್ರ ಹೋಲಿಸುತ್ತಾರೆ. ಆ ಸಮಾನರಲ್ಲಿ ಶೇ 63 ಮಂದಿಗಿಂತ ಮೇಲಿದ್ದರೆ ಮಗುವಿನ ಪ್ರಗತಿ 63. ಗಣಿತದಲ್ಲಿ ತೀರಾ ಹಿಂದಿರುವ ಹುಡುಗಿಗೂ 80 ಬರಬಹುದು, ತರಗತಿಗೇ ಮೊದಲಿಗನಾದ ಹುಡುಗನಿಗೆ 30 ಬರಬಹುದು. ಶಾಲೆಯ ಎಲ್ಲ ಮಕ್ಕಳ ಪ್ರಗತಿಯ ಮಧ್ಯಾಂಕವೋ ಸರಾಸರಿಯೋ ಶಾಲೆಯ ಅಂಕವಾಗುತ್ತದೆ. 50ರ ಆಸುಪಾಸು ಸಾಧಾರಣ; 60 ದಾಟಿದ ಶಾಲೆ ಗಮನಿಸತಕ್ಕದ್ದು.

ಮೂರನೆಯದು ಟೆನೆಸಿಯಲ್ಲಿ ಹುಟ್ಟಿದ ‘ವ್ಯಾಲ್ಯೂ ಆ್ಯಡೆಡ್’ ಲೆಕ್ಕ. ಅಲ್ಲಿನ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಸ್ಯಾಂಡರ್ಸ್ ಕೃಷಿ ಕ್ಷೇತ್ರದ ಅಂಕಿ-ಅಂಶಗಳಲ್ಲಿ ಪಳಗಿದವರು. ಹಸುವಿನ ಹಾಲಿನ ಇಳುವರಿಯಲ್ಲಿ ತಳಿಯ ಪಾಲೆಷ್ಟು, ಮೇವು-ಆರೈಕೆಯ ಪಾಲೆಷ್ಟು ಎಂದು ಬಿಡಿಸಿ ನೋಡಲು ಪಶು ತಳಿವಿಜ್ಞಾನಿಗಳು ಬಳಸುತ್ತಿದ್ದ ಬಗೆಯ ಗಣಿತವನ್ನೇ ಅವರು ಶಾಲೆಗೆ ತಂದರು: ಮಗುವಿನ ಹಿಂದಿನ ಎಲ್ಲ ಅಂಕಗಳಿಂದ ಈ ವರ್ಷ ಎಷ್ಟು ನಿರೀಕ್ಷಿಸಬಹುದೆಂದು ಊಹಿಸಿ, ನಿಜವಾಗಿ ಬಂದದ್ದು ಅದಕ್ಕಿಂತ ಎಷ್ಟು ಹೆಚ್ಚು ಕಡಿಮೆ ಎಂದು ನೋಡುವುದು. ಟೆನೆಸಿ 1992ರ ಕಾನೂನಿನಲ್ಲೇ ಇದನ್ನು ಒಪ್ಪಿಕೊಂಡಿತು. ಒಹಾಯೊ, ನಾರ್ತ್ ಕೆರೊಲಿನಾಗಳಲ್ಲೂ ಇದರ ರೂಪವೇ ಇದೆ. ನ್ಯಾಯದ ದೃಷ್ಟಿಯಿಂದ ಗಟ್ಟಿಯಾದ ವಿಧಾನ. ಆದರೆ ಲೆಕ್ಕ ಎಷ್ಟು ಜಟಿಲವೆಂದರೆ ತಮ್ಮ ಅಂಕ ಹೇಗೆ ಬಂತೆಂದು ಮೇಷ್ಟರೇ ಕೈಯಾರೆ ತಾಳೆ ನೋಡಲಾಗದು. ಆ ಅಸಮಾಧಾನ ಇಂದಿಗೂ ಆರಿಲ್ಲ.

ಅದೇ ಅಂಕ, ಬೇರೆ ಅಕ್ಷರ

ಸಾಧನೆಗೆಷ್ಟು ಪಾಲು, ಪ್ರಗತಿಗೆಷ್ಟು ಎಂಬುದರ ಮೇಲೆ ಶಾಲೆಯ ಹಣೆಬರಹ ನಿಂತಿದೆ. ನಾರ್ತ್ ಕೆರೊಲಿನಾದ ಲೆಕ್ಕವನ್ನೇ ಹತ್ತಿರದಿಂದ ನೋಡಬಹುದು. 2013-14ನೇ ಸಾಲಿನಿಂದ ಅಲ್ಲಿ ದರ್ಜೆಯ ಶೇ 80 ಸಾಧನೆಗೆ, ಶೇ 20 ಪ್ರಗತಿಗೆ. 85ರಿಂದ ಮೇಲೆ ಎ, 70ರಿಂದ ಬಿ, 55ರಿಂದ ಸಿ, 40ರಿಂದ ಡಿ, ಅದಕ್ಕೂ ಕೆಳಗೆ ಎಫ್. ಪ್ರಗತಿಯಲ್ಲಿ 85 ಅಥವಾ ಹೆಚ್ಚು ಬಂದರೆ ‘ನಿರೀಕ್ಷೆ ಮೀರಿದೆ’, 70ಕ್ಕಿಂತ ಕಡಿಮೆಯಾದರೆ ‘ನಿರೀಕ್ಷೆ ಮುಟ್ಟಿಲ್ಲ’. ಈಗ ಬಡ ಬಡಾವಣೆಯ ಶಾಲೆಯೊಂದಕ್ಕೆ ಸಾಧನೆಯಲ್ಲಿ 58, ಪ್ರಗತಿಯಲ್ಲಿ 85 ಬಂದಿದೆ ಎಂದುಕೊಳ್ಳಿ. 46.4ಕ್ಕೆ 17 ಕೂಡಿಸಿದರೆ 63.4, ಅಂದರೆ ಸಿ. ಅನುಕೂಲಸ್ಥರ ಬಡಾವಣೆಯ ಇನ್ನೊಂದು ಶಾಲೆಗೆ ಸಾಧನೆ 91, ಪ್ರಗತಿ 65. 72.8ಕ್ಕೆ 13 ಸೇರಿ 85.8, ದರ್ಜೆ ಎ. ಮಕ್ಕಳನ್ನು ನಿರೀಕ್ಷೆಗಿಂತ ಮುಂದೆ ಒಯ್ದ ಶಾಲೆಗೆ ಸಿ, ನಿರೀಕ್ಷೆಯನ್ನೂ ಮುಟ್ಟದ ಶಾಲೆಗೆ ಎ. ಎರಡಕ್ಕೂ ಸಮಪಾಲು ಕೊಟ್ಟಿದ್ದರೆ 71.5 ಮತ್ತು 78, ಎರಡೂ ಬಿ. ಆ ರಾಜ್ಯದ ದರ್ಜೆಗಳು ಶಾಲೆಗಿಂತ ಹೆಚ್ಚಾಗಿ ಬಡಾವಣೆಯ ವರಮಾನವನ್ನು ಹೇಳುತ್ತವೆ ಎಂಬ ದೂರು ಮೊದಲ ವರ್ಷದಿಂದಲೂ ಇದೆ, ಅದರಲ್ಲಿ ಹುರುಳೂ ಇದೆ.

ಟೆಕ್ಸಸ್ ಹಿಡಿದ ದಾರಿ ಬೇರೆ. ‘ಸ್ಟಾರ್’ ಎಂದು ಕರೆಯುವ ರಾಜ್ಯ ಪರೀಕ್ಷೆಯಿಂದ ಬರುವ ಸಾಧನೆ ಮತ್ತು ಪ್ರಗತಿ, ಈ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಶೇ 70; ಮಕ್ಕಳ ಗುಂಪುಗಳ ನಡುವಿನ ಅಂತರ ಎಷ್ಟು ಮುಚ್ಚಿತು ಎಂಬುದಕ್ಕೆ ಶೇ 30. ಪ್ರಗತಿಯ ವಿಭಾಗದಲ್ಲೂ ಎರಡು ಅವಕಾಶ: ಮಕ್ಕಳ ವರ್ಷದಿಂದ ವರ್ಷದ ಏರಿಕೆ ಒಂದಾದರೆ, ಅಷ್ಟೇ ಪ್ರಮಾಣದ ಬಡ ಮಕ್ಕಳಿರುವ ಇತರ ಶಾಲೆಗಳೊಂದಿಗಿನ ಹೋಲಿಕೆ ಇನ್ನೊಂದು, ಹೆಚ್ಚಿನದು ಲೆಕ್ಕಕ್ಕೆ. ಸಾಧನೆ 72, ಪ್ರಗತಿ 88, ಅಂತರದ ಅಂಕ 74 ಇರುವ ಶಾಲೆಗೆ 61.6 ಮತ್ತು 22.2 ಸೇರಿ ಸುಮಾರು 84, ಬಿ. ಸಾಧನೆಯೊಂದನ್ನೇ ಹಿಡಿದಿದ್ದರೆ ಸುಮಾರು 73ಕ್ಕೆ ಇಳಿದು, ಟೆಕ್ಸಸ್‌ನ ಗೆರೆಗಳ ಪ್ರಕಾರ ಸಿ ಆಗುತ್ತಿತ್ತು. ಇದು ಬಡ ಮಕ್ಕಳ ಶಾಲೆಗೆ ಉದಾರ, ಆದರೆ ಬಿ ನೋಡಿದ ಪೋಷಕರಿಗೆ ಆ ಬಿ ಯಾವ ಬಾಗಿಲಿನಿಂದ ಬಂತೆಂದು ತಿಳಿಯುವುದಿಲ್ಲ.

ಗೆರೆಗಳೂ ಸ್ಥಿರವಲ್ಲ. ಹೈಸ್ಕೂಲು ಮುಗಿಸಿದವರಲ್ಲಿ ಕಾಲೇಜು, ಉದ್ಯೋಗ ಅಥವಾ ಸೇನೆಗೆ ಸಿದ್ಧರಾದವರು ಶೇ 60 ಇದ್ದರೆ ಆ ಅಳತೆಯಲ್ಲಿ ಎ ಎನ್ನುತ್ತಿದ್ದ ಟೆಕ್ಸಸ್, 2023ರಲ್ಲಿ ಅದನ್ನು ಒಂದೇ ಸಲ 88ಕ್ಕೆ ಏರಿಸಿತು. ಸ್ಥಳೀಯ ಶಾಲೆಗಳ ಆಡಳಿತ ನೋಡುವ ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಕೋರ್ಟಿಗೆ ಹೋದವು. ಆ ವರ್ಷದ ದರ್ಜೆಗಳು ಹೊರಬಿದ್ದದ್ದು 2025ರ ಏಪ್ರಿಲ್‌ನಲ್ಲಿ. ಪಟ್ಟಿಯಲ್ಲಿ ಎ ಇಂದ ಬಿಗೆ ಇಳಿದ ಶಾಲೆ ಕಂಡಾಗ, ಇಳಿದದ್ದು ಶಾಲೆಯೋ ಏರಿದ್ದು ಗೆರೆಯೋ ಎಂದು ವಿಚಾರಿಸಬೇಕಾಗುತ್ತದೆ.

ಫ್ಲೋರಿಡಾದ ಲೆಕ್ಕದಲ್ಲಿ ಒಂದು ಜಾಣತನವಿದೆ. ಪ್ರತಿ ಶಾಲೆಯಲ್ಲಿ ಅತಿ ಕಡಿಮೆ ಅಂಕದ ಕಾಲುಭಾಗ ಮಕ್ಕಳ ಪ್ರಗತಿಗೆ ಪ್ರತ್ಯೇಕ ಅಂಕ. ಹಾಗಾಗಿ ಹಿಂದಿನ ಬೆಂಚಿನ ಮಗು ಸಾಧನೆಯಲ್ಲಿ ಒಮ್ಮೆ, ಪ್ರಗತಿಯಲ್ಲಿ ಒಮ್ಮೆ, ಈ ಕಾಲುಭಾಗದಲ್ಲಿ ಮತ್ತೊಮ್ಮೆ ಎಣಿಕೆಗೆ ಬರುತ್ತದೆ. ಅದನ್ನು ಕೈಬಿಟ್ಟರೆ ಶಾಲೆಗೇ ನಷ್ಟ.

ಕ್ಯಾಲಿಫೋರ್ನಿಯಾದಲ್ಲಿ ಶಾಲೆಗೆ ಒಟ್ಟು ದರ್ಜೆ ಎಂಬುದೇ ಇಲ್ಲ. 1999ರಿಂದ 2013ರವರೆಗೆ ಅಲ್ಲಿ ‘ಎಪಿಐ’ ಎಂಬ ಒಂದೇ ಸಂಖ್ಯೆ ಇತ್ತು. 200ರಿಂದ 1000ದೊಳಗೆ, ಗುರಿ 800. ಅದನ್ನು ಕೈಬಿಟ್ಟು 2017ರಿಂದ ಡ್ಯಾಶ್‌ಬೋರ್ಡ್ ತಂದರು. ಇಂಗ್ಲಿಷ್, ಗಣಿತ, ಗೈರುಹಾಜರಿ, ಅಮಾನತು ಹೀಗೆ ಪ್ರತಿಯೊಂದಕ್ಕೂ ಪ್ರತ್ಯೇಕ ಬಣ್ಣ. ಐದು ಸಾಲು, ಐದು ಕಂಬಗಳ ಪಟ್ಟಿಯಲ್ಲಿ ಈ ವರ್ಷದ ಮಟ್ಟವನ್ನೂ ಕಳೆದ ವರ್ಷದಿಂದಾದ ಬದಲಾವಣೆಯನ್ನೂ ಕೂಡಿಸಿ ಬಣ್ಣ ತೆಗೆಯುತ್ತಾರೆ. ಮೇಲಿದ್ದು ಇಳಿಯುತ್ತಿರುವ ಶಾಲೆಯೂ ಕೆಳಗಿದ್ದು ಏರುತ್ತಿರುವ ಶಾಲೆಯೂ ಒಂದೇ ಹಳದಿಯಲ್ಲಿ ನಿಲ್ಲಬಹುದು. ಇಲ್ಲಿನ ‘ಬದಲಾವಣೆ’ ಅದೇ ಮಕ್ಕಳದ್ದಲ್ಲ, ಬೇರೆ ವರ್ಷದ ಬೇರೆ ಮಕ್ಕಳದ್ದು ಎಂಬುದನ್ನು ಮರೆಯಬಾರದು.

ಮನೆಮಾತು ಕನ್ನಡವಾದ ಮಗು

ಶಾಲೆಗೆ ಸೇರಿಸುವಾಗ ಪೋಷಕರಿಗೆ ಮನೆಮಾತಿನ ಬಗ್ಗೆ ಒಂದು ನಮೂನೆ ಕೊಡುತ್ತಾರೆ: ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಆಡುವುದು ಯಾವುದು. ಅಲ್ಲಿ ಕನ್ನಡ ಎಂದು ಬರೆದರೆ ಮಗುವನ್ನು ಹಿಂದಿನ ತರಗತಿಗೆ ತಳ್ಳುವುದಿಲ್ಲ. ಇಂಗ್ಲಿಷ್ ಎಷ್ಟಿದೆ ಎಂದು ನೋಡುವ ಚಿಕ್ಕ ಪರೀಕ್ಷೆಯೊಂದು ನಡೆಯುತ್ತದೆ, ಅಷ್ಟೆ. ನೆರವು ಬೇಕೆಂದು ಕಂಡರೆ ಮಗು ‘ಇಂಗ್ಲಿಷ್ ಕಲಿಯುವವರ’ ಗುಂಪಿಗೆ ಸೇರಿ, ವರ್ಷಕ್ಕೊಮ್ಮೆ ಕೇಳುವುದು, ಮಾತು, ಓದು, ಬರಹ ನಾಲ್ಕರಲ್ಲೂ ಪರೀಕ್ಷೆ ಬರೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ಎಲ್ಪ್ಯಾಕ್, ಟೆಕ್ಸಸ್‌ನಲ್ಲಿ ಟೆಲ್ಪಾಸ್, ಬಹಳ ರಾಜ್ಯಗಳಲ್ಲಿ ವಿಡಾ ಸಂಸ್ಥೆಯ ಪರೀಕ್ಷೆ. ಈ ಏರಿಕೆ ಶಾಲೆಯ ದರ್ಜೆಯಲ್ಲಿ ಸೇರುತ್ತದೆ. ದೇಶಕ್ಕೆ ಹೊಸದಾಗಿ ಬಂದ ಮಗುವಿನ ಮೊದಲ ವರ್ಷದ ಇಂಗ್ಲಿಷ್ ಅಂಕವನ್ನು ಸಾಧನೆಯ ಲೆಕ್ಕದಿಂದ ಬಿಡಲು ಕಾನೂನಿನಲ್ಲೇ ಅವಕಾಶವಿದೆ. ಹಾಗಾಗಿ ತಮ್ಮ ಮಗುವಿನಿಂದ ಶಾಲೆಯ ಅಂಕ ಇಳಿದೀತೆಂಬ ಸಂಕೋಚ ಯಾರಿಗೂ ಬೇಡ.

ಮಕ್ಕಳನ್ನು ಜನಾಂಗ, ಬಡತನ, ಅಂಗವೈಕಲ್ಯ, ಭಾಷೆಯ ಆಧಾರದ ಗುಂಪುಗಳಾಗಿಯೂ ಪ್ರತ್ಯೇಕ ಅಳೆಯುತ್ತಾರೆ. ಶಾಲೆಯ ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಒಂದು ಗುಂಪು ಕುಸಿದಿದ್ದರೆ ಇಲ್ಲಿ ಗೊತ್ತಾಗುತ್ತದೆ. ಗುಂಪು ತೀರಾ ಚಿಕ್ಕದಾದರೆ ಅಂಕ ಪ್ರಕಟಿಸುವುದಿಲ್ಲ. ಕನಿಷ್ಠ ಎಷ್ಟು ಮಕ್ಕಳಿರಬೇಕೆಂದು ರಾಜ್ಯವೇ ಗೊತ್ತು ಮಾಡುತ್ತದೆ. ಹುಷಾರಿಲ್ಲದ ಮಗು ಮನೆಯಲ್ಲಿರಲಿ ಎಂದು ಪರೀಕ್ಷೆಯ ದಿನ ದುರ್ಬಲರನ್ನು ದೂರವಿಡದಂತೆ, ಪ್ರತಿ ಗುಂಪಿನ ಶೇ 95 ಮಕ್ಕಳು ಹಾಜರಾಗಬೇಕೆಂಬ ನಿಯಮವೂ ಇದೆ.

ದರ್ಜೆಯ ಬೆನ್ನಿಗೆ ಬರುವುದು

ಕೇಂದ್ರದ ಬಡಮಕ್ಕಳ ಅನುದಾನ ಪಡೆಯುವ ಶಾಲೆಗಳಲ್ಲಿ ಕೊನೆಯ ಶೇ 5, ಜೊತೆಗೆ ಮೂರನೇ ಒಂದು ಭಾಗ ಅಥವಾ ಹೆಚ್ಚು ಮಕ್ಕಳು ಓದು ಮುಗಿಸದ ಹೈಸ್ಕೂಲುಗಳು, ಇವನ್ನು ರಾಜ್ಯ ಕನಿಷ್ಠ ಮೂರು ವರ್ಷಕ್ಕೊಮ್ಮೆ ಗುರುತಿಸಿ ನೆರವು ಕೊಡಬೇಕು. ಅದರಾಚೆಗೆ ಏನೆಂಬುದು ರಾಜ್ಯದ ಇಷ್ಟ. ಟೆಕ್ಸಸ್‌ನಲ್ಲಿ ಒಂದೇ ಶಾಲೆ ಸತತ ಐದು ವರ್ಷ ಅನುತ್ತೀರ್ಣವಾದರೆ ಆ ಶಾಲೆ ಮುಚ್ಚಬೇಕು, ಇಲ್ಲವೆ ಇಡೀ ಡಿಸ್ಟ್ರಿಕ್ಟಿನ ಆಡಳಿತವನ್ನು ರಾಜ್ಯ ವಹಿಸಿಕೊಳ್ಳಬೇಕು. ಹ್ಯೂಸ್ಟನ್‌ನ ವೀಟ್ಲಿ ಹೈಸ್ಕೂಲಿನ ವರ್ಷಗಳ ಕಳಪೆ ದರ್ಜೆಯಿಂದ ಶುರುವಾದ ವ್ಯಾಜ್ಯ 2023ರಲ್ಲಿ ಅಲ್ಲಿನ ಚುನಾಯಿತ ಶಾಲಾ ಮಂಡಳಿಯ ಅಧಿಕಾರ ಹೋಗುವವರೆಗೆ ಬಂತು. ಹ್ಯೂಸ್ಟನ್‌ನದು ಆ ರಾಜ್ಯದ ಅತಿ ದೊಡ್ಡ ಡಿಸ್ಟ್ರಿಕ್ಟ್.

ಪಣ ಇಷ್ಟು ದೊಡ್ಡದಾದಾಗ ಅಡ್ಡದಾರಿಗಳೂ ತೆರೆಯುತ್ತವೆ. ಅಟ್ಲಾಂಟಾದಲ್ಲಿ ಮಕ್ಕಳ ತಪ್ಪು ಉತ್ತರಗಳನ್ನು ರಬ್ಬರಿನಿಂದ ಅಳಿಸಿ ಸರಿ ಗುರುತು ಹಾಕಿದ್ದು ಬಯಲಾಯಿತು. 2011ರ ತನಿಖಾ ವರದಿ 44 ಶಾಲೆಗಳಲ್ಲಿ 178 ಶಿಕ್ಷಕರು ಮತ್ತು ಮುಖ್ಯ ಶಿಕ್ಷಕರತ್ತ ಬೊಟ್ಟು ಮಾಡಿತು, 2015ರಲ್ಲಿ 11 ಮಂದಿಯ ಅಪರಾಧ ಸಾಬೀತಾಯಿತು. ಇಂಥ ವಂಚನೆ ಅಪರೂಪ. ಸಾಮಾನ್ಯವಾಗಿ ನಡೆಯುವುದು ಕಾನೂನಿನೊಳಗಿನ ಕಸರತ್ತು: ಪಾಸಿನ ಗೆರೆಯ ಅಂಚಿನಲ್ಲಿರುವ ಮಕ್ಕಳಿಗೇ ವಿಶೇಷ ತರಗತಿ, ಪರೀಕ್ಷೆ ಇಲ್ಲದ ಚಿತ್ರಕಲೆ-ಸಮಾಜಗಳ ಅವಧಿಗೆ ಕತ್ತರಿ.

ಮನೆ ಹುಡುಕುವವರು ಮೊದಲು ನೋಡುವುದು ಸಾಮಾನ್ಯವಾಗಿ ರಾಜ್ಯದ ದರ್ಜೆಯನ್ನಲ್ಲ, ಮನೆ ಮಾರಾಟದ ತಾಣಗಳಲ್ಲಿ ಕಾಣುವ ಗ್ರೇಟ್‌ಸ್ಕೂಲ್ಸ್ ಸಂಸ್ಥೆಯ 10ರೊಳಗಿನ ಅಂಕವನ್ನು. ಅದು ಖಾಸಗಿ ಲಾಭರಹಿತ ಸಂಸ್ಥೆ. ರಾಜ್ಯದ ಅಂಕಿಗಳನ್ನೇ ತನ್ನ ಸೂತ್ರದಲ್ಲಿ ಹಾಕಿ ಲೆಕ್ಕ ತೆಗೆಯುತ್ತದೆ. ಅಧಿಕೃತವಾದದ್ದು ರಾಜ್ಯ ಶಿಕ್ಷಣ ಇಲಾಖೆಯ ಶಾಲಾ ರಿಪೋರ್ಟ್ ಕಾರ್ಡ್. ಅದನ್ನು ಪ್ರಕಟಿಸುವುದು ಕಾನೂನಿನಂತೆ ಕಡ್ಡಾಯ. ಅದರಲ್ಲಿ ಒಟ್ಟು ಅಕ್ಷರವನ್ನು ದಾಟಿ ಪ್ರಗತಿಯ ಸಾಲಿಗೆ ಹೋಗುವುದು ಒಳ್ಳೆಯದು. ಮೂರು ವರ್ಷದ ಪ್ರಗತಿ ಒಂದೇ ಬಗೆಯಲ್ಲಿದ್ದರೆ ನಂಬಬಹುದು. ಒಂದೇ ವರ್ಷದ ಜಿಗಿತ, ಅದರಲ್ಲೂ ಚಿಕ್ಕ ಶಾಲೆಯಲ್ಲಿ, ಹತ್ತಾರು ಮಕ್ಕಳ ಅದೃಷ್ಟವೂ ಆಗಿರಬಹುದು. 2020ರ ವಸಂತದಲ್ಲಿ ಕೋವಿಡ್‌ನಿಂದ ಪರೀಕ್ಷೆಗಳೇ ನಡೆಯದ ಕಾರಣ, ಆ ವರ್ಷದ ಮತ್ತು ಅದರ ಬೆನ್ನಿನ ವರ್ಷದ ಅಂಕಿಗಳಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ತಮ್ಮ ಮಗು ಸೇರುವ ಗುಂಪಿನ ಸಾಲು, ಗೈರುಹಾಜರಿ, ಪ್ರತಿ ಮಗುವಿಗೆ ಶಾಲೆ ಮಾಡುವ ಖರ್ಚು ಇವೂ ಅದೇ ಕಾರ್ಡಿನಲ್ಲಿ ಸಿಗುತ್ತವೆ. ದರ್ಜೆ ಸಾಮಾನ್ಯವಾಗಿ ಹೊರಬರುವುದು ಹಿಂದಿನ ಶಾಲಾ ವರ್ಷ ಮುಗಿದ ಮೇಲೆ. ಅಷ್ಟರಲ್ಲಿ ಮುಖ್ಯ ಶಿಕ್ಷಕರು ಬದಲಾಗಿರಬಹುದು, ಶಾಲೆಯ ಗಡಿಯೂ ಬದಲಾಗಿರಬಹುದು. ಕರಾರು ಪತ್ರಕ್ಕೆ ಸಹಿ ಹಾಕುವ ಮುನ್ನ ಮನೆಯ ವಿಳಾಸ ಯಾವ ಶಾಲೆಗೆ ಸೇರುತ್ತದೆ ಎಂಬುದನ್ನು ಸ್ಕೂಲ್ ಡಿಸ್ಟ್ರಿಕ್ಟ್ ಕಚೇರಿಯಲ್ಲೇ ಕೇಳಿ ಖಚಿತ ಮಾಡಿಕೊಳ್ಳಬೇಕು.